ಒಲೆ ಆರಿದ ಮನೆ

ಬೆಳಗಾವಿಯ ಸದಾಶಿವನಗರದಂತಹ ಬಡಾವಣೆಗಳಲ್ಲಿ ಕೋಣೆ ಹಿಡಿದು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಮಳೆ ಹಿಡಿಯಿತೆಂದರೆ ರವಿವಾರ ಖಾನಾಪುರದತ್ತ ಹೊರಡುತ್ತಾರೆ. ಜಲಪಾತ ನೋಡಲು ಹೋದವರ ಕಾಲು ಕೆಲವೊಮ್ಮೆ ಕಾಡಿನ ಅಂಚಿನ ಹಳೆಯ ಮನೆಯೊಂದರ ಎದುರು ನಿಂತುಬಿಡುತ್ತದೆ. ಪಾಚಿಗಟ್ಟಿದ ಹೆಂಚು, ತಗ್ಗಿದ ಬಾಗಿಲು, ಕೈಯಿಂದ ಮೆತ್ತಿದ ಮಣ್ಣಿನ ಗೋಡೆ, ಅಂಗಳದಲ್ಲಿ ಒಣಗಿದ ತುಳಸಿಕಟ್ಟೆ. ಬದುಕಿದರೆ ಇಂತಹ ಮನೆಯಲ್ಲಿ ಬದುಕಬೇಕು ಎಂದು ಆ ಕ್ಷಣದಲ್ಲಿ ಅನ್ನಿಸದವರು ವಿರಳ. ಊರು ಬಿಟ್ಟು ಬಂದ ಮಲೆನಾಡಿನ ಮಕ್ಕಳಿಗಂತೂ ಅಲ್ಲಿ ಅಜ್ಜಿಯ ಮನೆಯೇ ಕಾಣುತ್ತದೆ.

ಈ ಮೋಹದಲ್ಲಿ ದೋಷವೇನೂ ಇಲ್ಲ. ಆದರೆ ಖಾನಾಪುರ ತಾಲೂಕಿನ ಕಾಡಿನಲ್ಲಿ ಇನ್ನು ಮುಂದೆ ಯಾರೂ ವಾಸಿಸುವಂತಿಲ್ಲದ ಮನೆಗಳ ಸಂಖ್ಯೆ ಹೆಚ್ಚಲಿದೆ. ಆದುದರಿಂದ ಈ ಪ್ರೀತಿ ಏನನ್ನು ಬಯಸುತ್ತದೆ ಎಂಬುದನ್ನು ಈಗಲೇ ಕೇಳಿಕೊಳ್ಳುವುದು ಅಗತ್ಯವಾಗಿದೆ.

ಭೀಮಗಡದ ಸುಮಾರು 190 ಚದರ ಕಿಲೋಮೀಟರು ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅದರೊಳಗೆ ತಳೇವಾಡಿ, ಗವಾಳಿ, ಕೊಂಗಳಾ, ಪಾಸ್ತೋಲಿ, ಆಮಗಾಂವ, ಕೃಷ್ಣಾಪುರ ಮೊದಲಾದ ಸಣ್ಣ ಊರುಗಳಿವೆ. 2025ರ ಮೇ ತಿಂಗಳಿನಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಕಾಡಿನಿಂದ ಹೊರಬರುವುದಕ್ಕಾಗಿ ಪರಿಹಾರದ ಮೊದಲ ಕಂತು ತಲಾ 10 ಲಕ್ಷ ರೂಪಾಯಿ ನೀಡಲಾಯಿತು. ಉಳಿದ 5 ಲಕ್ಷ ಮನೆ ತೆರವಾದ ಬಳಿಕ ಎಂಬುದು ಒಪ್ಪಂದ. ಹೊರಬಂದವರ ಮನೆಗೆ ಮರಳಿ ಹೋಗಿ ನೆಲೆಸುವ ದಾರಿ ಇಲ್ಲ.

ಹೊರಬರಲು ಜನ ಏಕೆ ಒಪ್ಪಿದರು ಎಂಬುದನ್ನು ಮನೆಯ ಚೆಲುವಿಗೆ ಮರುಳಾದವರು ಮೊದಲು ತಿಳಿಯಬೇಕು. 2024ರ ಜುಲೈಯ ಮಳೆಯಲ್ಲಿ ಆಮಗಾಂವದ ರೋಗಿ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಹೆಗಲ ಮೇಲೆ ಹೊತ್ತು, ಕೆಸರು ತುಳಿದು, ಹಳ್ಳ ದಾಟಿ ಆಂಬುಲೆನ್ಸ್ ನಿಂತಿದ್ದ ಜಾಗಕ್ಕೆ ತಲುಪಿಸಿದ ದೃಶ್ಯವನ್ನು ನಾಡೆಲ್ಲ ಕಂಡಿತು. ರಸ್ತೆ, ಸೇತುವೆ, ವಿದ್ಯುತ್ತು ಕೇಳಿದಾಗಲೆಲ್ಲ ಅರಣ್ಯದ ಕಾನೂನು ಅಡ್ಡ ಬರುತ್ತದೆ. ಶಾಲೆಗೆ ಹೋಗುವ ಮಗು ಮಳೆಗಾಲದಲ್ಲಿ ನೆಂಟರ ಊರಿನಲ್ಲಿ ಉಳಿಯಬೇಕಾಗುತ್ತದೆ. ನೋಡಲು ಬಂದವನಿಗೆ ಅದೇ ಮೌನ ನೆಮ್ಮದಿ. ಹೆರಿಗೆಯ ನೋವು ಕಾಣಿಸಿಕೊಂಡ ರಾತ್ರಿ ಅದೇ ಮೌನ ಭಯ. ಆ ಮಣ್ಣಿನ ಗೋಡೆ ಇಷ್ಟು ಅಂದವಾಗಿದೆ, ನೀವೇಕೆ ಬಿಟ್ಟು ಹೋಗುತ್ತೀರಿ ಎಂದು ಪಟ್ಟಣದವರು ಕೇಳುವುದು ಉದ್ಧಟತನವೇ ಸರಿ.

ಇನ್ನು ಆ ಮನೆಯ ವಿಚಾರ. ಮಣ್ಣಿನ ಮನೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ವರ್ಷವಿಡೀ ಮಾಡುವ ಕೆಲಸ. ಬೇಸಗೆ ಮುಗಿಯುವ ಮುನ್ನ ಹೆಂಚು ಕೆಳಗಿಳಿಸಿ, ಒಡೆದವನ್ನು ಆಯ್ದು ತೆಗೆದು, ಮತ್ತೆ ಜೋಡಿಸಬೇಕು. ಗಾಳಿಮಳೆ ಬಡಿಯುವ ಗೋಡೆಗೆ ಸೋಗೆಯ ಅಥವಾ ಹುಲ್ಲಿನ ತಡಿಕೆ ಕಟ್ಟಬೇಕು. ಮಳೆ ನಿಂತ ಮೇಲೆ ಬಿರುಕಿಗೆ ಮಣ್ಣು ಮೆತ್ತಬೇಕು, ನೆಲ ಸಾರಿಸಬೇಕು. ಈ ಕೆಲಸಗಳಲ್ಲಿ ಹೆಚ್ಚಿನವು ಹೆಂಗಸರ ಪಾಲಿನವು, ಅವುಗಳಿಗೆ ಲೆಕ್ಕವಿಟ್ಟವರಿಲ್ಲ. ಎಲ್ಲಕ್ಕಿಂತ ಮಿಗಿಲಾದುದು ಒಲೆ. ದಿನವೂ ಏಳುವ ಹೊಗೆ ಜಂತಿ, ತೊಲೆ, ರೀಪುಗಳನ್ನು ಒಣಗಿಸಿ ಇಡುತ್ತದೆ, ಮರ ಕೊರೆಯುವ ಹುಳುವನ್ನು ದೂರವಿಡುತ್ತದೆ. ಆ ಕಪ್ಪು ಹಿಡಿದ ಅಟ್ಟವೇ ಮನೆಯ ಆಯುಷ್ಯ. ಒಲೆ ಆರಿದೊಡನೆ ಗೆದ್ದಲು ಏರುತ್ತದೆ. ಮಂಗ ಹಾರಿದಾಗ ಜರುಗಿದ ಒಂದು ಹೆಂಚನ್ನು ಸರಿಪಡಿಸುವವರಿಲ್ಲದೆ ಅಲ್ಲಿಂದ ನೀರು ನೇರವಾಗಿ ಗೋಡೆಯ ನೆತ್ತಿಗೆ ಇಳಿಯುತ್ತದೆ. ನೆತ್ತಿ ನೆನೆದ ಮಣ್ಣಿನ ಗೋಡೆ ಹೆಚ್ಚು ಮಳೆಗಾಲಗಳನ್ನು ಕಾಣುವುದಿಲ್ಲ.

ಹಾಗಾದರೆ ವಿದ್ಯಾರ್ಥಿ ಮನಸೋತದ್ದು ಗೋಡೆಗಲ್ಲ, ಇನ್ನೂ ಆರದೆ ಉಳಿದ ಆ ಕೈಕೆಲಸದ ಗುರುತಿಗೆ. ಜನರಿಲ್ಲದೆ ಆ ಮನೆಯನ್ನು ಮಾತ್ರ ಉಳಿಸುತ್ತೇವೆ ಎಂಬುದು ಆಗದ ಮಾತು. ಸಿಮೆಂಟು ಬಳಿದು, ತಗಡು ಹೊದಿಸಿ ನಿಲ್ಲಿಸಬಹುದು. ಆಗ ಅದು ಬೇರೆಯೇ ಮನೆ.

ಅದಕ್ಕಿಂತ ಅಪಾಯದ ಆಲೋಚನೆ ಇನ್ನೊಂದಿದೆ. ಖಾಲಿ ಬಿದ್ದ ಚೆಂದದ ಮನೆಯನ್ನು ಕಂಡಲ್ಲೆಲ್ಲ ಇದನ್ನು ಹೋಮ್‌ಸ್ಟೇ ಮಾಡಬಹುದಿತ್ತಲ್ಲ ಎನ್ನುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಹುಲಿ, ಆನೆಗಳಿಗಾಗಿ ಹಸು ಕಟ್ಟಿಕೊಂಡಿದ್ದ ರೈತನನ್ನು ಹೊರಗೆ ಕಳಿಸಿ, ಅದೇ ಜಗಲಿಯ ಮೇಲೆ ಪ್ರವಾಸಿಯನ್ನು ಕೂರಿಸುವುದಾದರೆ ಅದಕ್ಕೆ ಸಂರಕ್ಷಣೆ ಎಂಬ ಹೆಸರು ಒಪ್ಪುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅತಿಮುಖ್ಯ ವನ್ಯಜೀವಿ ನೆಲೆಯೆಂದು ಗುರುತಿಸಿದ ಕಾಡಿನಿಂದ ಜನರನ್ನು ಸ್ಥಳಾಂತರಿಸಬೇಕಾದರೆ ಮೊದಲು ಅವರ ಹಕ್ಕುಗಳನ್ನು ಮಾನ್ಯ ಮಾಡಬೇಕು, ಗ್ರಾಮಸಭೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು, ಹೊಸ ಜಾಗದಲ್ಲಿ ಸೌಕರ್ಯ ಸಿದ್ಧವಾಗಿರಬೇಕು. ಅಷ್ಟೇ ಅಲ್ಲ, ಹಾಗೆ ತೆರವಾದ ನೆಲವನ್ನು ಸರ್ಕಾರವಾಗಲಿ ಮತ್ತಾರೇ ಆಗಲಿ ಮುಂದೆ ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ. ಭೀಮಗಡದ ಊರುಗಳಿಗೂ ಈ ಮಾತು ಅಕ್ಷರಶಃ ಅನ್ವಯವಾಗಬೇಕೆಂದು ಒತ್ತಾಯಿಸುವುದು ಗ್ರಾಮಸ್ಥರ ಮತ್ತು ಪರಿಸರಾಸಕ್ತರ ಸಮಾನ ಕೆಲಸ.

ಯಾರೂ ಕಾಲಿಡಬಾರದ ಮನೆಯನ್ನು ದೂರದಿಂದ ಪ್ರೀತಿಸುವುದು ಈ ಕಾಡಿಗೆ ಹೊಸದಲ್ಲ. ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಗಳಲ್ಲಿ ಉದ್ದ ಕಿವಿಯ, ರಾಟನ್‌ನ ಹೆಸರು ಹೊತ್ತ ಅಪರೂಪದ ಬಾವಲಿಯಿದೆ. ವಿಜ್ಞಾನ 1913ರಲ್ಲಿ ಅದಕ್ಕೆ ಹೆಸರಿಟ್ಟಿತು. ಬಹುಕಾಲ ಜಗತ್ತಿನಲ್ಲಿ ಅದಕ್ಕೆ ಇದೊಂದೇ ಮನೆ ಎಂದು ನಂಬಲಾಗಿತ್ತು. ಅನಂತರವಷ್ಟೇ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಅದು ಪತ್ತೆಯಾಯಿತು. ಗುಹೆಯೊಳಗೆ ಜನ ಪಂಜು ಹಿಡಿದು ನುಗ್ಗಿದರೆ ಬಾವಲಿಗಳು ನೆಲೆ ಬಿಡುತ್ತವೆ. ಅದನ್ನು ಮೆಚ್ಚಿದವರು ಹೊರಗೇ ನಿಲ್ಲಬೇಕು.

ಆದರೆ ಹೊರಗೆ ನಿಂತವರಿಗೂ ಕೆಲಸವಿದೆ. ಕಾಡಿನ ಮನೆಯ ಜಂತಿ, ಬಾಗಿಲು, ಹೆಂಚು ಅದರ ಒಡೆಯನದು. ಹೊಸ ಊರಿಗೆ ಅವನ್ನು ಒಯ್ಯಲು ಅಡ್ಡಿಯಾಗಬಾರದು, ಸಾಗಣೆಯ ಪರವಾನಗಿಗಾಗಿ ಅವನನ್ನು ಕಚೇರಿಯಿಂದ ಕಚೇರಿಗೆ ಅಲೆಸಬಾರದು. ವಿದ್ಯಾರ್ಥಿಗಳು ರವಿವಾರ ಕ್ಯಾಮೆರಾದ ಜೊತೆ ಒಂದು ಅಳತೆಯ ಟೇಪನ್ನೂ ನೋಟುಬುಕ್ಕನ್ನೂ ಒಯ್ದರೆ ಒಳಿತು. ಗೋಡೆಯ ಮಣ್ಣಿಗೆ ಏನು ಬೆರೆಸಿ ಎಷ್ಟು ದಿನ ಕೊಳೆಹಾಕುತ್ತಿದ್ದರು, ಯಾವ ಮರವನ್ನು ಯಾವ ಕಾಲದಲ್ಲಿ ಕಡಿದರೆ ಹುಳು ಹಿಡಿಯುವುದಿಲ್ಲ ಎಂಬುದನ್ನು ಹೇಳಬಲ್ಲ ಹಿರಿಯರು ಈಗ ಖಾನಾಪುರದ ಕಡೆ, ಮಕ್ಕಳ ಮನೆಗಳಲ್ಲಿ ಕುಳಿತಿರುತ್ತಾರೆ. ಅವರ ಮಾತು ಮರಾಠಿಯಲ್ಲಿರಲಿ ಕೊಂಕಣಿಯಲ್ಲಿರಲಿ, ಇದ್ದಂತೆಯೇ ಬರೆದುಕೊಳ್ಳಬೇಕು. ಖಾನಾಪುರದ ಜೇಡಿಮಣ್ಣು ಕುಂಬಾರಿಕೆಗೆ ಹೆಸರಾದದ್ದು; ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿಯೇ ಇದೆ. ಪುನರ್ವಸತಿಯ ಮನೆಗಳೆಲ್ಲ ಒಂದೇ ಅಚ್ಚಿನ ಕಾಂಕ್ರೀಟು ಪೆಟ್ಟಿಗೆಗಳಾಗಬೇಕೆಂದು ಯಾವ ನಿಯಮವೂ ಇಲ್ಲ.

ಶರಾವತಿ ಕಣಿವೆಯವರ ಕಥೆ ಮಲೆನಾಡಿಗೆ ಗೊತ್ತಿರುವುದೇ. 1960ರ ದಶಕದಲ್ಲಿ ಲಿಂಗನಮಕ್ಕಿಯ ನೀರಿಗೆ ಮನೆ ಕೊಟ್ಟು ಬಂದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಧರಣಿ ಕುಳಿತಿದ್ದಾರೆ. ಅಲ್ಲಿ ಹಳೆಯ ಮನೆಯನ್ನು ನೆನೆಯುವ ಹಾಡುಗಳಿಗೆ ಕೊರತೆಯಾಗಲಿಲ್ಲ, ಕೊರತೆಯಾದದ್ದು ಕಾಗದಕ್ಕೆ. ಗವಾಳಿ, ಪಾಸ್ತೋಲಿ, ಆಮಗಾಂವದಂತಹ ಊರುಗಳಲ್ಲಿ ಹೋಗುವುದೋ ಉಳಿಯುವುದೋ ಎಂಬ ಮಾತು ಬಂದಾಗ ಗ್ರಾಮಸಭೆಯ ಮುಂದಿಡಬೇಕಾದ ಮೊದಲ ಪ್ರಶ್ನೆಗಳು ಇವು: ಹೊಸ ನಿವೇಶನ ಯಾರ ಹೆಸರಿನಲ್ಲಿ, ಮನೆಯೊಡತಿಯ ಹೆಸರೂ ಅದರಲ್ಲಿ ಉಂಟೇ, ಎರಡನೆಯ ಕಂತು ಯಾವ ತಿಂಗಳು, ಹೋಗಲೊಲ್ಲೆ ಎಂದವರ ಊರಿಗೆ ಮುಂದಿನ ಮಳೆಗಾಲದೊಳಗೆ ಕಾಲುಸಂಕವಾದರೂ ಬರುವುದೇ?