ಸುಲೋಚನೆ ಬಂದ ಮೇಲೆ

2025ರ ಮೊದಲ ಆರು ತಿಂಗಳು ಗಾಂಧಿನಗರಕ್ಕೆ ಬರಗಾಲ. ಶುಕ್ರವಾರ ತೆರೆಕಂಡ ಬಹುಪಾಲು ಚಿತ್ರಗಳು ಮುಂದಿನ ಶುಕ್ರವಾರದವರೆಗೂ ಉಸಿರು ಹಿಡಿಯಲಿಲ್ಲ. ಹಾಗಾಗಿ ಜುಲೈ 18ರಂದು ಯುವ ರಾಜ್‌ಕುಮಾರ್ ಅವರ ‘ಎಕ್ಕ’, ಕಿರೀಟಿ ಅವರ ‘ಜೂನಿಯರ್’ ಒಟ್ಟಿಗೇ ಬಂದಾಗ ಚಿತ್ರಮಂದಿರದವರ ಮುಖದಲ್ಲಿ ಒಂದಿಷ್ಟು ಕಳೆ ಬಂತು.

ಎರಡಕ್ಕೂ ಹಾಡೇ ಆಹ್ವಾನಪತ್ರಿಕೆ. ‘ಬ್ಯಾಂಗಲ್ ಬಂಗಾರಿ’ಗೂ ‘ವೈರಲ್ ವಯ್ಯಾರಿ’ಗೂ ಹೆಜ್ಜೆ ಹಾಕಿದ ರೀಲ್ಸ್‌ಗಳಿಗೆ ಲೆಕ್ಕವಿರಲಿಲ್ಲ. ಆದರೆ ಕುಣಿದವರೆಲ್ಲ ಟಿಕೆಟ್ ಕೊಳ್ಳಲಿಲ್ಲ. ಹಳ್ಳಿಯ ಹುಡುಗ ಬೆಂಗಳೂರಿಗೆ ಬಂದು ಭೂಗತ ಲೋಕಕ್ಕೆ ಜಾರುವ ‘ಎಕ್ಕ’ದ ದಾರಿ ಪ್ರೇಕ್ಷಕನಿಗೆ ಕಣ್ಣು ಮುಚ್ಚಿಕೊಂಡೂ ಗೊತ್ತು. ಕಿರೀಟಿ ಕುಣಿತದಲ್ಲಿ, ಹೊಡೆದಾಟದಲ್ಲಿ ಸೈ. ತಂದೆಯಾಗಿ ರವಿಚಂದ್ರನ್ ಇದ್ದರು, ಕಥೆಗೆ ಮಾತ್ರ ತಂದೆಗಿಂತ ಹೆಚ್ಚು ವಯಸ್ಸಾಗಿತ್ತು.

ಮರು ಶುಕ್ರವಾರ ‘ಸು ಫ್ರಮ್ ಸೋ’ ಬಂತು. ಸೋಮೇಶ್ವರದ ಸುಲೋಚನಾ ಎಂಬ ಹೆಸರಿನ ದೆವ್ವ, ಮರ್ಲೂರು ಎಂಬ ಕರಾವಳಿ ಹಳ್ಳಿ, ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವ ರವಿಯಣ್ಣ. ನಿರ್ದೇಶಕ ಜೆ.ಪಿ. ತುಮಿನಾಡು ಅವರಿಗೆ ಇದು ಮೊದಲ ಚಿತ್ರ, ಮುಖ್ಯ ಪಾತ್ರವೂ ಅವರದೇ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಗುರೂಜಿ ವೇಷ ಹಾಕಿ ಬದಿಗೆ ಸರಿದರು. ಕೆಲವೇ ಕೋಟಿಯಲ್ಲಿ ತಯಾರಾದ ಚಿತ್ರ ನೂರು ಕೋಟಿ ದಾಟಿತು.

ಪತ್ರಿಕೆಗಳು ಇದನ್ನು ಪವಾಡ ಎಂದು ಬರೆದವು. ಪವಾಡ ಅಂದುಬಿಟ್ಟರೆ ಉಳಿದವರಿಗೆ ಕಲಿಯುವ ಕಷ್ಟ ತಪ್ಪುತ್ತದಲ್ಲ! ತಂಡ ಮಾಡಿದ ಕೆಲಸ ಸರಳ. ಬಿಡುಗಡೆಗೆ ಮುನ್ನವೇ ಊರೂರಲ್ಲಿ ಪೇಯ್ಡ್ ಪ್ರೀಮಿಯರ್ ಇಟ್ಟು, ನಕ್ಕವರ ಬಾಯಿಗೇ ಪ್ರಚಾರ ಒಪ್ಪಿಸಿತು. ಮೊದಲ ದಿನ ಕಡಿಮೆಯಿದ್ದ ಷೋಗಳು ವಾರಾಂತ್ಯಕ್ಕೆ ಹೆಚ್ಚಿದವು, ಬೆಂಗಳೂರಿನಲ್ಲಿ ಬೆಳಗಿನ ಜಾವಕ್ಕೂ ಬಾಗಿಲು ತೆರೆಯಬೇಕಾಯಿತು. ಆಗಸ್ಟ್ 1ಕ್ಕೆ ಮಲಯಾಳಂ ಆವೃತ್ತಿ ಕೇರಳಕ್ಕೆ ಹೋಯಿತು. ಅದಕ್ಕಿಂತ ಮುಖ್ಯ, ಇಲ್ಲಿ ಸಣ್ಣ ಪಾತ್ರಕ್ಕೂ ಒಂದು ಚಟ, ಒಂದು ಮಾತಿನ ಧಾಟಿ ಇದೆ. ಕರಾವಳಿಯ ರಂಗಭೂಮಿಯಲ್ಲಿ ಪಳಗಿದವರ ಟೈಮಿಂಗ್ ಅದು. ಕೊನೆಯಲ್ಲಿ ಚಿತ್ರ ಸಂದೇಶ ಹೇಳಲು ಹೊರಟು ಕೊಂಚ ಭಾರವಾಗುತ್ತದೆ, ಅಷ್ಟನ್ನು ಕ್ಷಮಿಸಬಹುದು.

ಅದೇ ಜುಲೈ 25ಕ್ಕೆ ಬಂದ ಆನಿಮೇಷನ್ ಚಿತ್ರ ‘ಮಹಾವತಾರ ನರಸಿಂಹ’ವೂ ಸ್ಟಾರ್ ಇಲ್ಲದೆ ಗೆದ್ದಿತು. ಮುಂದಿನ ವಾರದ ‘ಕೊತ್ತಲವಾಡಿ’ಗೆ ಯಶ್ ಅವರ ತಾಯಿ ಪುಷ್ಪಾ ನಿರ್ಮಾಪಕಿ ಎಂಬ ಸುದ್ದಿಯೇ ಬಂಡವಾಳ; ಸುದ್ದಿ ಓದಿದವರು ಮನೆಯಲ್ಲೇ ಉಳಿದರು. ಸೆಪ್ಟೆಂಬರ್ 5ರ ‘ಏಳುಮಲೆ’ಯದು ಬೇರೆ ಸಂಕಟ. ಪುನೀತ್ ರಂಗಸ್ವಾಮಿ ಅವರ ಈ ಗಡಿಭಾಗದ ಪ್ರೇಮಕಥೆಗೆ ಒಳ್ಳೆಯ ಮಾತು ದಕ್ಕಿತು, ಆದರೆ ಮೆಚ್ಚುಗೆಯ ಮಟ್ಟಕ್ಕೆ ಹಣ ಬರಲಿಲ್ಲ. ಈ ನಡುಗಾತ್ರದ ಚಿತ್ರಗಳ ಪಾಡೇ ಚಿಂತೆಯ ವಿಷಯ.

ಅಕ್ಟೋಬರ್ 2ಕ್ಕೆ ‘ಕಾಂತಾರ: ಚಾಪ್ಟರ್ 1’. ಜಗತ್ತಿನಾದ್ಯಂತ 800 ಕೋಟಿ ಮೀರಿದ ಗಳಿಕೆ. ರಥ ಹುಚ್ಚೆದ್ದು ಓಡುವ ದೃಶ್ಯದಲ್ಲಿ ಅರವಿಂದ ಕಶ್ಯಪ್ ಅವರ ಕ್ಯಾಮೆರಾ ಕುರ್ಚಿಯಲ್ಲಿ ಕೂರಲು ಬಿಡುವುದಿಲ್ಲ. ಹಾಸ್ಯ ಮಾತ್ರ ಮೊದಲರ್ಧವನ್ನು ಎಳೆಯುತ್ತದೆ. ರಿಷಬ್ ಶೆಟ್ಟಿ ಮೈಮೇಲೆ ದೈವ ಬಂದಾಗ ಮರೆತುಹೋಗುವ ದೋಷ ಇದು, ಬರುವ ತನಕ ಕಾಯಬೇಕು.

ಕಾಯಲು ದುಡ್ಡೂ ಬೇಕು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಗೆ ಟಿಕೆಟ್ ದರ ಮಿತಿಗೊಳಿಸಿತ್ತು. ಮಲ್ಟಿಪ್ಲೆಕ್ಸ್‌ನವರು, ನಿರ್ಮಾಪಕರು ಹೈಕೋರ್ಟ್ ಮೆಟ್ಟಿಲೇರಿ ಅದೇ ತಿಂಗಳು 23ರಂದು ತಡೆಯಾಜ್ಞೆ ತಂದರು. ಆದೇಶ ಊರ್ಜಿತವಾದರೆ ಹೆಚ್ಚುವರಿ ಹಣ ಹಿಂದಿರುಗಿಸಬೇಕಾದೀತು, ಮಾರಿದ ಟಿಕೆಟ್‌ಗಳ ಲೆಕ್ಕ ಇಡಿ ಎಂದು ವಿಭಾಗೀಯ ಪೀಠ ಸೂಚಿಸಿದ್ದು ‘ಕಾಂತಾರ’ ತೆರೆಗೆ ಬರುವ ಎರಡು ದಿನ ಮುಂಚೆ.