ಅಮ್ಮನ ಮಿಷನ್ನಿಗೆ ಮೋಟಾರು ಹಾಕಿಸಿದ ತಪ್ಪಿಗೆ

ಕಳೆದ ತಿಂಗಳು ಮನೆಗೆ ಬಂದ ಗೆಳೆಯ ಅಮ್ಮನ ಹೊಲಿಗೆ ಮಿಷನ್ ನೋಡಿ ಸಂಕಟಪಟ್ಟ. ಕಪ್ಪು ಮೈಯ ಹಳೆಯ ಉಷಾ ಅದು. ಚಿನ್ನದ ಬಣ್ಣದ ಚಿತ್ತಾರ ಅರ್ಧ ಅಳಿಸಿಹೋಗಿದೆ. ಚಕ್ರದ ಪಕ್ಕ ಪುಟ್ಟ ಮೋಟಾರು, ಸೂಜಿಯ ಮೇಲೆ ಆಯಸ್ಕಾಂತದಿಂದ ಅಂಟಿಸಿದ ಎಲ್‌ಇಡಿ ದೀಪ. "ಎಂಥಾ ಆಂಟಿಕ್ ಪೀಸ್ ಕಣೋ, ಮೋಟಾರು ಹಾಕಿಸಿ ಕೆಡಿಸಿಬಿಟ್ಯಲ್ಲೋ" ಅಂದ.

ಇದೇ ಗೆಳೆಯನ ಮನೆಯ ಹಜಾರದಲ್ಲಿ ಸಿಂಗರ್ ಮಿಷನ್ನಿನ ಎರಕದ ಕಬ್ಬಿಣದ ಕಾಲುಗಳಿವೆ. ಮೇಲೊಂದು ಗಾಜಿನ ಹಲಗೆ, ಹಲಗೆಯ ಮೇಲೆ ಕಾಫಿ ಲೋಟ. ಮಿಷನ್ನಿನ ತಲೆ ಏನಾಯಿತೆಂದು ಅವನಿಗೂ ಗೊತ್ತಿಲ್ಲ, ಬಹುಶಃ ಗುಜರಿಗೆ ಹೋಗಿರಬೇಕು. ತಲೆ ಕಿತ್ತೆಸೆದರೆ ಅಭಿರುಚಿ, ಮೋಟಾರು ಹಾಕಿದರೆ ಅಪಚಾರ! ಆಲ್‌ಸೇಂಟ್ಸ್ ಎಂಬ ಬ್ರಿಟಿಷ್ ಬಟ್ಟೆ ಕಂಪನಿಯಂತೂ ಅಂಗಡಿಯ ಕಿಟಕಿ ತುಂಬ ಹಳೆಯ ಹೊಲಿಗೆ ಯಂತ್ರಗಳನ್ನು ಸಾಲುಸಾಲಾಗಿ ಜೋಡಿಸಿಟ್ಟೇ ಹೆಸರು ಮಾಡಿತು. ಬಟ್ಟೆ ಮಾರುವ ಜಾಗದಲ್ಲಿ ಹೊಲಿಯದ ನೂರಾರು ಮಿಷನ್ನುಗಳು. ಅದನ್ನು ನೋಡಿ ಯಾರೂ ಕೆಡಿಸಿದರು ಅನ್ನಲಿಲ್ಲ.

ಮೂಲರೂಪ ಉಳಿಸಬೇಕು ಅನ್ನುತ್ತಾರೆ. ಯಾವ ಮೂಲ? 1850ರಲ್ಲಿ ಐಸಾಕ್ ಸಿಂಗರ್ ಬಾಸ್ಟನ್ನಿನ ಆರ್ಸನ್ ಫೆಲ್ಪ್ಸ್ ಎಂಬಾತನ ಕಾರ್ಖಾನೆಗೆ ಹೋದಾಗ ಅಲ್ಲಿದ್ದದ್ದು ಲೆರೋ ಮತ್ತು ಬ್ಲಾಜೆಟ್ ರೂಪಿಸಿದ್ದ, ಪದೇಪದೇ ಕೆಡುತ್ತಿದ್ದ ಯಂತ್ರ. ಅದರ ಶಟಲ್ ಗುಂಡಗೆ ಸುತ್ತುತ್ತಿತ್ತು. ಹಿಂದೆ ಮುಂದೆ ಓಡುವಂತೆ ಮಾಡಿದರೆ ಸರಿಹೋಗುತ್ತದೆ ಅಂದವನು ಸಿಂಗರ್. ತುದಿಯಲ್ಲಿ ಕಣ್ಣಿರುವ ಸೂಜಿ, ಎರಡು ದಾರದ ಹೊಲಿಗೆ, ಇವಕ್ಕೆ 1846ರಲ್ಲೇ ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. ಆತ ಕೋರ್ಟಿಗೆ ಹೋಗಿ ಗೆದ್ದು ಸಿಂಗರನಿಂದ ದುಡ್ಡು ವಸೂಲಿ ಮಾಡಿದ. ಅಂದರೆ ಪೂಜೆಗೆ ಇಟ್ಟಿರುವ ಈ ಸಿಂಗರ್ ಅನ್ನುವುದೇ ಇನ್ನೊಬ್ಬರ ಯಂತ್ರವನ್ನು ಬಿಚ್ಚಿ ತಿದ್ದಿದ್ದು.

ಆಮೇಲೆ ಅದೇ ಕಂಪನಿ ಒಂದೇ ತಲೆಯನ್ನು ಕೈಯಲ್ಲಿ ತಿರುಗಿಸುವವರಿಗೆ, ಕಾಲಲ್ಲಿ ತುಳಿಯುವವರಿಗೆ, ಕರೆಂಟು ಇದ್ದವರಿಗೆ ಬೇರೆಬೇರೆ ಜೋಡಣೆಯಲ್ಲಿ ಮಾರಿತು. ನಮ್ಮ ಕಪ್ಪು ಉಷಾ ಕೂಡ ಸಿಂಗರ್ 15ರ ಮಾದರಿಯದೇ. ಅಮ್ಮನ ಮಿಷನ್ನಿನ ಹಿಂಬದಿ, ಚಕ್ರದ ಹತ್ತಿರ, ಮೋಟಾರಿನ ಬ್ರ್ಯಾಕೆಟ್ ಕೂರಿಸಲೆಂದೇ ತಿರುಪಿನ ತೂತು ಇತ್ತು. ಮೆಕ್ಯಾನಿಕ್ ಹೊಸದಾಗಿ ಒಂದು ತೂತನ್ನೂ ಕೊರೆಯಲಿಲ್ಲ. ಕಾಲು ಗಂಟೆಯ ಕೆಲಸ.

ಯಂತ್ರಗಳನ್ನು ಅಷ್ಟು ಅನುಮಾನದಿಂದ ನೋಡಿದ ಗಾಂಧೀಜಿ ಕೂಡ 1924ರಲ್ಲಿ ಶಾಂತಿನಿಕೇತನದ ವಿದ್ಯಾರ್ಥಿ ರಾಮಚಂದ್ರನ್ ಜೊತೆ ಮಾತಾಡುವಾಗ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟರು. ಕೈಹೊಲಿಗೆಯಲ್ಲಿ ಹೆಂಡತಿ ಪಡುವ ಪಾಡು ನೋಡಲಾರದೆ ಸಿಂಗರ್ ಇದನ್ನು ಮಾಡಿದ ಎಂದು ಅವರು ನಂಬಿದ್ದರು. (ನಾಟಕದ ನಟನಾಗಿದ್ದ ಆ ಪುಣ್ಯಾತ್ಮ ಒಂದೇ ಕಾಲಕ್ಕೆ ಹಲವು ಸಂಸಾರ ಹೂಡಿದ್ದ. ಅದು ಇರಲಿ.) ಗಾಂಧಿ ಲೆಕ್ಕ ಹಾಕಿದ್ದು ಹೊಲಿಯುವವಳ ದಣಿವನ್ನು. ಕೈಯ ದಣಿವಿಗೆ ಸಿಕ್ಕ ವಿನಾಯಿತಿ ಕಾಲಿನ ದಣಿವಿಗೆ ಯಾಕೆ ಸಿಗಬಾರದು?

ಇಪ್ಪತ್ತೆರಡು ವರ್ಷ ಅಮ್ಮ ಆ ಪೆಡಲ್ ತುಳಿದಳು. ಗೌರಿ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಊರಿನ ರವಿಕೆಗಳೆಲ್ಲ ನಮ್ಮ ಹಜಾರದಲ್ಲೇ. ನಮ್ಮ ಲಲಿತ ಪ್ರಬಂಧಗಳಲ್ಲಿ ಅಮ್ಮಂದಿರ ಮಿಷನ್ನಿನ ಟಕಟಕ ಸದ್ದು ಎಷ್ಟು ಸಲ ಬಂದಿದೆಯೋ! ನಾನೂ ಬರೆದಿದ್ದೇನೆ, ಜೋಗುಳದಂತಿತ್ತು ಅಂತ. ರಾತ್ರಿ ಅವಳು ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದದ್ದನ್ನು ಮಾತ್ರ ಬರೆಯಲಿಲ್ಲ.

ಮೋಟಾರಿನ ಬಗ್ಗೆ ಅಮ್ಮನಿಗೂ ದೂರುಗಳಿವೆ. ಮೆಲ್ಲಗೆ ಹೊರಡುವುದಿಲ್ಲ, ಪೆಡಲ್ ಒತ್ತಿದ ಕೂಡಲೇ ಜಿಗಿಯುತ್ತದೆ. ಕಾಲರಿನ ಮೂಲೆ ಬಂದರೆ ಇವತ್ತಿಗೂ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾಳೆ. ನಿಜವಾಗಿ ಕೆಡಿಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ತೆಂಗಿನೆಣ್ಣೆ ಬಿಟ್ಟು ಒಳಗೆಲ್ಲ ಅಂಟು ಮಾಡುವವರು. ಅರ್ಥಿಂಗ್ ಇಲ್ಲದೆ ವೈರ್ ಎಳೆಯುವವರು. ವಿದೇಶದಿಂದ ತಂದ 110 ವೋಲ್ಟಿನ ಮೋಟಾರನ್ನು ನಮ್ಮ 230ಕ್ಕೆ ಸಿಕ್ಕಿಸಿ ಸುಡುವವರು. ತಾನಾಗಿ ಎಣ್ಣೆ ಹಾಯಿಸಿಕೊಳ್ಳುವ ವ್ಯವಸ್ಥೆಯೇ ಇಲ್ಲದ ಮನೆಬಳಕೆಯ ತಲೆಗೆ ಕಾರ್ಖಾನೆಯ ಮೋಟಾರು ಕಟ್ಟಿ ಸವೆಸುವವರು. ಇವರನ್ನು ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಆದರೆ ಬೈಯುವ ಮೊದಲು ಆ ಸ್ಟೂಲಿನ ಮೇಲೆ ಒಂದು ದಿನ ಕೂತು ಹತ್ತು ಸೀರೆಗೆ ಫಾಲ್ ಹಚ್ಚಿ.

ಗೆಳೆಯ ಹೊರಡುವಾಗ ಸ್ಟ್ಯಾಂಡಿನ ಮೇಲೆ ಕೈಯಾಡಿಸಿ, "ಮೋಟಾರು ಬಂದ ಮೇಲೆ ಇದು ಸುಮ್ನೆ ಜಾಗಕ್ಕೆ ದಂಡ ಅಲ್ವಾ ಆಂಟಿ, ಕೊಟ್ಬಿಡಿ" ಅಂದ. ಅಮ್ಮ ಮಿಷನ್ನಿನ ಡ್ರಾಯರ್ ಎಳೆದು, ಸುತ್ತಿಟ್ಟಿದ್ದ ಹಳೆಯ ಚರ್ಮದ ಬೆಲ್ಟು ತೋರಿಸಿದಳು.

"ಕರೆಂಟು ಹೋದ್ರೆ ನೀನು ಬಂದು ಚಕ್ರ ತಿರುಗಿಸ್ತೀಯೇನಪ್ಪಾ?"