ಮಾಗಡಿಗೆ ಮುಟ್ಟಿದ ಗುಲಾಮರ ಚರಿತ್ರೆ

1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರಿನ ಕೋಟೆ ಹಿಡಿದ. ಅಲ್ಲಿ ಆಳುತ್ತಿದ್ದ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. ಸಾವನದುರ್ಗದ ಆಸರೆಯಲ್ಲಿ ಅವರ ಆಳ್ವಿಕೆ 1728ರವರೆಗೆ ನಡೆಯಿತು. ಇಷ್ಟನ್ನು ನಮ್ಮ ಸೀಮೆಯವರು ಬಲ್ಲರು. ಆದರೆ ಆ ದಂಡಿನೊಡನೆ ಬಂದು ಬೆಂಗಳೂರನ್ನು ಜಹಗೀರಾಗಿ ಪಡೆದ ಶಹಾಜಿ ಭೋಂಸ್ಲೆ ಯಾರ ಕೈಕೆಳಗೆ ಪಳಗಿದವನು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಮಲಿಕ್ ಅಂಬರ್ ಎಂಬ ಹಬಶಿಯ, ಅಂದರೆ ಇಥಿಯೋಪಿಯಾ ಕಡೆಯವನ, ಕೈಕೆಳಗೆ. ಅಂಬರ್ ಹಣಕ್ಕೆ ಮಾರಾಟವಾಗಿ ದಖನ್ನಿಗೆ ಬಂದ ಗುಲಾಮ.

1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದಾಗ ಅವನ ಹೆಸರು ಚಾಪು. ಬಾಗ್ದಾದಿನವರೆಗೂ ಕೈಯಿಂದ ಕೈಗೆ ದಾಟಿ ಅಹಮದ್‌ನಗರ ಸೇರಿದ. ಅಲ್ಲಿ ಅವನನ್ನು ಕೊಂಡ ಮಂತ್ರಿ ಚಂಗೀಸ್ ಖಾನನೂ ಹಿಂದೊಮ್ಮೆ ಗುಲಾಮನೇ. ಈಗ ಸಾವಿರದಷ್ಟು ಗುಲಾಮರ ಒಡೆಯ. ಇಲ್ಲಿನ ಹತ್ತಿಬಟ್ಟೆ ಹಡಗೇರಿ ಆಫ್ರಿಕಕ್ಕೆ ಹೋಗುತ್ತಿತ್ತು, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಿದ್ದರು.

ಸುಲ್ತಾನರಿಗೆ ಇಂಥವರೇ ಬೇಕಾಗಿತ್ತು. ಊರ ಗೌಡನಿಗೆ ಹೊಲವಿದೆ, ನೆಂಟರಿದ್ದಾರೆ. ಅವನು ಮುನಿದರೆ ಹತ್ತು ಹಳ್ಳಿ ಎದ್ದು ನಿಲ್ಲುತ್ತವೆ. ಕೊಂಡು ತಂದ ಹುಡುಗನಿಗೆ ಒಡೆಯನನ್ನು ಬಿಟ್ಟರೆ ಯಾರಿದ್ದಾರೆ? ಆದರೆ ಒಡೆಯ ಸತ್ತು ಬಿಡುಗಡೆಯಾದ ಗುಲಾಮ ತನ್ನದೇ ದಂಡು ಕಟ್ಟಬಲ್ಲ ಎಂಬುದನ್ನು ಆ ಲೆಕ್ಕಾಚಾರ ಮರೆತಿತ್ತು. 1600ರಲ್ಲಿ ಅಹಮದ್‌ನಗರ ಮೊಗಲರ ಪಾಲಾದಾಗ ಅಂಬರ್ ಅಲ್ಲಿ ಆಳುತ್ತಿದ್ದ ನಿಜಾಮಶಾಹಿ ವಂಶದವನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಅಧಿಕಾರವನ್ನು ತಾನೇ ನಡೆಸಿದ. ಮರಾಠಾ ಸವಾರರನ್ನು ಸೇರಿಸಿಕೊಂಡು, ಮೊಗಲರ ದೊಡ್ಡ ಸೈನ್ಯಕ್ಕೆ ಬಯಲಲ್ಲಿ ಎದುರಾಗದೆ, ಅದರ ದವಸ-ಮೇವಿನ ದಾರಿ ಕಡಿದ. 1624ರಲ್ಲಿ ಭಾತವಾಡಿಯಲ್ಲಿ ಮೊಗಲರನ್ನೂ ಬಿಜಾಪುರದವರನ್ನೂ ಒಟ್ಟಿಗೇ ಸೋಲಿಸಿದ. ಶಹಾಜಿ ಅಂದು ಕಾದಿದ್ದು ಅವನ ಕಡೆ. ಅಂಬರ್ 1626ರಲ್ಲಿ ತೀರಿಕೊಂಡ. ಕೆಲವು ವರ್ಷಗಳಲ್ಲೇ ಶಹಾಜಿಯೂ ಒಬ್ಬ ಬಾಲಕನನ್ನು ಅದೇ ಗದ್ದುಗೆಗೇರಿಸಿ ಅಂಬರನ ದಾರಿ ಹಿಡಿದ. 1636ರಲ್ಲಿ ಅದು ಕುಸಿದ ಮೇಲೆ ಬಿಜಾಪುರದ ಸೇವೆಗೆ ನಿಂತ. ಎರಡು ವರ್ಷಕ್ಕೆ ಅವನ ಕುದುರೆಗಳು ಕೆಂಪೇಗೌಡರ ಬಾಗಿಲಲ್ಲಿದ್ದವು.

ಅಂಬರನ ಏಳಿಗೆಯನ್ನು ತೋರಿಸಿ, ಇಲ್ಲಿನ ಗುಲಾಮಗಿರಿ ಅಷ್ಟೇನೂ ಕ್ರೂರವಾಗಿರಲಿಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆತ್ತವರಿಂದ ಕಿತ್ತು ತಂದ ಮಗುವಿಗೆ ಮುಂದೆ ರಾಜ್ಯವೇ ಸಿಕ್ಕರೂ ಮೊದಲ ಅನ್ಯಾಯ ಅಳಿಯುವುದಿಲ್ಲ. ಅವನ ಜೊತೆ ಮಾರಾಟವಾದ ಬಹುಪಾಲು ಮಕ್ಕಳಿಗೆ ಚರಿತ್ರೆಯಲ್ಲಿ ಒಂದು ಸಾಲೂ ಸಿಕ್ಕಿಲ್ಲ. ಮಾಗಡಿಯ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಕೆಂಪೇಗೌಡರ ಕಥೆಯ ಜೊತೆಗೆ ಇದನ್ನೂ ದಯವಿಟ್ಟು ಹೇಳಲಿ.